ಯುದ್ಧ ಮುಗಿದ ಮೇಲೆ ಯುದ್ಧವಿಮಾನಗಳ ಗತಿ

ಬೀದರಿನ ಬಾನಿನಲ್ಲಿ ವಾಯುಪಡೆಯ ತರಬೇತಿ ವಿಮಾನಗಳನ್ನು ನಾವು ನೋಡುತ್ತೇವೆ. ಯುದ್ಧ ಮುಗಿದ ಮೇಲೆ ಹಳೆಯ ಯುದ್ಧವಿಮಾನಗಳ ಗತಿಯೇನು? 1945ರಲ್ಲಿ ಮಹಾಯುದ್ಧವು ಕೊನೆಗೊಂಡಾಗ, ಅಮೆರಿಕವು ಬ್ರಿಟನ್ನಿಗೆ ಎರವಲಿತ್ತಿದ್ದ ನಾಲ್ಕು ಎಂಜಿನ್ನುಗಳ ಲಿಬರೇಟರ್ ಬಾಂಬರುಗಳು ಕಾನ್ಪುರದಲ್ಲಿ ಉಳಿದುವು. ಮತ್ತೆ ಹಾರದಂತೆ ಅವುಗಳನ್ನು ಬೇಕೆಂದೇ ಕೆಡಿಸಲಾಗಿತ್ತು. ಸ್ವತಂತ್ರ ಭಾರತಕ್ಕಾದರೋ ಭಾರೀ ಬಾಂಬರುಗಳೇ ಇರಲಿಲ್ಲ.

1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯು ಈ ಸಾಹಸಕ್ಕೆ ಕೈಹಾಕಿತು. ಒಂದೇ ಮಾದರಿಯ ವಿಮಾನಗಳ ಭಾಗಗಳು ಒಂದೇ ಅಳತೆಯವು. ಆದುದರಿಂದ ಒಂದರ ಒಳ್ಳೆಯ ಭಾಗವು ಇನ್ನೊಂದಕ್ಕೆ ಹೊಂದುತ್ತದೆ. ಹಾರುವಷ್ಟು ಸರಿಪಡಿಸಿದ ವಿಮಾನಗಳನ್ನು ಬೆಂಗಳೂರಿಗೆ ಹಾರಿಸಿ ತಂದು, ಅಲ್ಲಿ ಪೂರ್ಣವಾಗಿ ದುರಸ್ತಿ ಮಾಡಿದರು. 1948ರಲ್ಲಿ ವಾಯುಪಡೆಯನ್ನು ಸೇರಿದ ಅವು 1968ರವರೆಗೆ ಸೇವೆ ಸಲ್ಲಿಸಿದುವು. 1974ರಲ್ಲಿ ಅವುಗಳಲ್ಲೊಂದು ಬ್ರಿಟನ್ನಿಗೇ ಹಾರಿಹೋಗಿ ವಸ್ತುಸಂಗ್ರಹಾಲಯದ ಸೊತ್ತಾಯಿತು. ಕೆಡಿಸಿದವರು ಲೋಹವನ್ನು ಕೆಡಿಸಿದರೇ ಹೊರತು, ಕಟ್ಟುವ ವಿದ್ಯೆಯನ್ನಲ್ಲ.