ಬೋರ್‌ವೆಲ್ ನೀರಿಗೆ ಪೆಟ್ರೋಲ್ ವಾಸನೆ ಬಂದ್ರೆ ಏನ್ಮಾಡೋದು? ಸೋರಿಕೆಯಾದ ಮಣ್ಣು ಶುದ್ಧವಾಗೋ ಕಥೆ

ಇವತ್ತಿನ ಎಪಿಸೋಡ್ ಶುರುವಾಗೋದು ನಮ್ಮ ಚಿಕ್ಕಮ್ಮನ ಅಡುಗೆಮನೆಯಿಂದ. ಒಂದು ದಿನ ಬೆಳಗ್ಗೆ ಫೋನ್ ಮಾಡಿ, "ನಲ್ಲಿ ತಿರುಗಿಸಿದ್ರೆ ಪೆಟ್ರೋಲ್ ವಾಸನೆ ಬರ್ತಿದೆ ಕಣೋ" ಅಂದ್ರು. ಅವರ ಮನೆಯ ಹಿಂದಿನ ರಸ್ತೆಯಲ್ಲೇ ಒಂದು ಪೆಟ್ರೋಲ್ ಬಂಕ್ ಇದೆ. ನಾನು ಹೋಗಿ ನೀರಿಗೆ ಟಿಡಿಎಸ್ ಮೀಟರ್ ಅದ್ದಿದೆ. ರೀಡಿಂಗ್ ಎಂದಿನಂತೆ ಇತ್ತು. "ನೀರು ಚೆನ್ನಾಗೇ ಇದೆ ಚಿಕ್ಕಮ್ಮ" ಅಂತ ಹೇಳಿ ಬಂದುಬಿಟ್ಟೆ.

ನಾನು ಮಾಡಿದ್ದು ತಪ್ಪು. ಆ ಮೀಟರ್ ಅಳೆಯೋದು ನೀರಲ್ಲಿ ಕರಗಿರುವ ಲವಣಗಳನ್ನ. ಪೆಟ್ರೋಲ್ ಇದೆಯೋ ಇಲ್ವೋ ಅದಕ್ಕೆ ಗೊತ್ತಾಗೋದೇ ಇಲ್ಲ.

ಮೊದಲು ನೆಲದಡಿ ಏನಾಗುತ್ತೆ ನೋಡೋಣ. ಬಂಕ್‌ನ ಟ್ಯಾಂಕ್ ಭೂಮಿಯೊಳಗೆ ಇರುತ್ತೆ. ಉಕ್ಕಿನ ಟ್ಯಾಂಕ್ ತುಕ್ಕು ಹಿಡಿಯಬಹುದು, ಪೈಪಿನ ಜಾಯಿಂಟ್ ಬಿಟ್ಟುಕೊಳ್ಳಬಹುದು. ಸೋರಿದ ಪೆಟ್ರೋಲ್‌ನಲ್ಲಿ ಸ್ವಲ್ಪ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತೆ. ಸ್ವಲ್ಪ ಆವಿಯಾಗಿ ಮಣ್ಣಿನ ಸಂದುಗಳಲ್ಲಿ ತುಂಬಿಕೊಳ್ಳುತ್ತೆ. ಉಳಿದದ್ದು ಅಂತರ್ಜಲದವರೆಗೆ ಇಳಿದು, ನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲುತ್ತೆ. ಅದರಲ್ಲಿರೋ ಬೆಂಜೀನ್‌ನಂಥ ರಾಸಾಯನಿಕಗಳು ನೀರಲ್ಲಿ ಕರಗಿ, ನೀರು ಹೋದ ಕಡೆ ಹೋಗ್ತವೆ. ಪಕ್ಕದಲ್ಲಿ ಬೋರ್‌ವೆಲ್ ಜೋರಾಗಿ ಓಡ್ತಿದ್ರೆ ಆ ಕಡೆಗೇ ಎಳೆದುಕೊಂಡು ಬರ್ತವೆ.

ಬೆಂಜೀನ್ ಕ್ಯಾನ್ಸರ್‌ಕಾರಕ. ಕುಡಿಯುವ ನೀರಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ಲೀಟರ್‌ಗೆ 0.01 ಮಿಲಿಗ್ರಾಂ. ನಮ್ಮ ಬಿಎಸ್-6 ಪೆಟ್ರೋಲ್‌ನಲ್ಲಿ ಬೆಂಜೀನ್ ಶೇ 1ರವರೆಗೆ ಇರಬಹುದು. ಅಂದ್ರೆ 1 ಲೀಟರ್ ಪೆಟ್ರೋಲ್‌ನಲ್ಲಿ 8 ಗ್ರಾಂಗೂ ಹೆಚ್ಚು. ಅಷ್ಟೂ ಕರಗಿದ್ರೆ 8 ಲಕ್ಷ ಲೀಟರ್ ನೀರು ಕುಡಿಯೋಕೆ ಆಗದ ಹಾಗಾಗುತ್ತೆ. 6,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ 130ಕ್ಕೂ ಹೆಚ್ಚು ಲೋಡ್. ಇದು ಒಂದೇ ಒಂದು ಲೀಟರ್ ಪೆಟ್ರೋಲ್‌ನ ಕಥೆ!

ಹಾಗಾದ್ರೆ ಶುದ್ಧ ಮಾಡೋದು ಹೇಗೆ? ಮೊದಲು ಟ್ಯಾಂಕ್ ಖಾಲಿ ಮಾಡಿ ಸೋರಿಕೆ ನಿಲ್ಲಿಸ್ತಾರೆ. ನೀರಿನ ಮೇಲೆ ತೇಲ್ತಿರೋ ಪೆಟ್ರೋಲನ್ನ ಪಂಪ್ ಮಾಡಿ ತೆಗೀತಾರೆ. ಟ್ಯಾಂಕ್ ಸುತ್ತಲಿನ ಕೆಟ್ಟ ಮಣ್ಣನ್ನ ಅಗೆದು ಸಾಗಿಸ್ತಾರೆ. ಆದರೆ ಪಕ್ಕದ ಮನೆಗಳ ಕೆಳಗೆ, ಇಪ್ಪತ್ತು ಅಡಿ ಆಳದಲ್ಲಿ ಇರೋದನ್ನ ಅಗೆಯೋಕಾಗಲ್ಲ.

ಅಲ್ಲಿ ಗಾಳಿಯ ಕೆಲಸ ಶುರು. ತೂತುಗಳಿರೋ ಪೈಪ್‌ಗಳನ್ನ ಮಣ್ಣಿಗೆ ಇಳಿಸಿ, ವ್ಯಾಕ್ಯೂಮ್ ಹಾಕಿ ಪೆಟ್ರೋಲ್ ಆವಿಯನ್ನ ಎಳೀತಾರೆ. ಆ ಆವಿಯನ್ನ ಆಕ್ಟಿವೇಟೆಡ್ ಕಾರ್ಬನ್ ಫಿಲ್ಟರ್ ಹಿಡಿದಿಟ್ಟುಕೊಳ್ಳುತ್ತೆ. ಮರಳು ಮಣ್ಣಲ್ಲಿ ಇದು ಚೆನ್ನಾಗಿ ನಡೆಯುತ್ತೆ, ಜೇಡಿಮಣ್ಣಲ್ಲಿ ಗಾಳಿ ಆಡೋದೇ ಕಷ್ಟ. ಅಂತರ್ಜಲದ ಕೆಳಗೆ ಗಾಳಿ ಊದಿ, ಕರಗಿರೋ ರಾಸಾಯನಿಕಗಳನ್ನ ಗುಳ್ಳೆಗಳ ಜೊತೆ ಮೇಲಕ್ಕೆ ತರೋ ವಿಧಾನವೂ ಇದೆ.

ಗಾಳಿಯಿಂದ ಇನ್ನೊಂದು ಲಾಭ ಇದೆ. ಪೆಟ್ರೋಲನ್ನೇ ತಿಂದು ಬದುಕೋ ಬ್ಯಾಕ್ಟೀರಿಯಾಗಳು ಮಣ್ಣಲ್ಲಿ ಮೊದಲಿಂದಲೇ ಇರ್ತವೆ. ಆಮ್ಲಜನಕ ಸಿಕ್ಕಿದ್ರೆ ಅವು ಬೇಗ ಕೆಲಸ ಮಾಡ್ತವೆ. ಸಾರಜನಕ, ರಂಜಕ ಕೊರತೆ ಇದ್ರೆ ಅದನ್ನೂ ಹಾಕ್ತಾರೆ, ಹೊಲಕ್ಕೆ ಗೊಬ್ಬರ ಹಾಕಿದ ಹಾಗೆ. ನಮ್ಮ ದೇಶದಲ್ಲೇ ಟೆರಿ ಸಂಸ್ಥೆ 'ಆಯಿಲ್‌ಜ್ಯಾಪರ್' ಅನ್ನೋ ಬ್ಯಾಕ್ಟೀರಿಯಾ ಮಿಶ್ರಣ ತಯಾರಿಸಿದೆ. ಕಚ್ಚಾ ತೈಲ, ಎಣ್ಣೆ ಕೆಸರು ಬಿದ್ದ ನೆಲದಲ್ಲಿ ಅದನ್ನ ಬಳಸಿದ್ದಾರೆ.

ಆದರೆ ಇದೆಲ್ಲ ನಿಧಾನ. ಅಮೆರಿಕದ ಸಾಂಟಾ ಮೋನಿಕಾ ನಗರ 1996ರಲ್ಲಿ ತನ್ನ ಕುಡಿಯುವ ನೀರಿನ ಸುಮಾರು ಅರ್ಧದಷ್ಟನ್ನ ಕೊಡ್ತಿದ್ದ ಬಾವಿಗಳನ್ನ ಮುಚ್ಚಬೇಕಾಯ್ತು. ಕಾರಣ, ನೆಲದಡಿಯ ಟ್ಯಾಂಕ್‌ಗಳಿಂದ ಸೋರಿದ ಪೆಟ್ರೋಲ್‌ನಲ್ಲಿದ್ದ ಎಂಟಿಬಿಇ ಅನ್ನೋ ರಾಸಾಯನಿಕ. ಆ ನೀರು ಮತ್ತೆ ಬಳಕೆಗೆ ಬರೋಕೆ ಹತ್ತಿರಹತ್ತಿರ 15 ವರ್ಷ ಹಿಡೀತು. ದುಡ್ಡಿರೋ ಊರಿಗೇ ಇಷ್ಟು ವರ್ಷ. ನಮ್ಮ ಬಯಲುಸೀಮೆಯ ಗಟ್ಟಿ ಬಂಡೆಯಲ್ಲಿ ನೀರು ಬಿರುಕುಗಳಲ್ಲಿ ಹರಿಯುತ್ತೆ. ಪೆಟ್ರೋಲ್ ಯಾವ ಬಿರುಕು ಹಿಡೀತು ಅಂತ ಹುಡುಕೋದೇ ಒಂದು ದೊಡ್ಡ ಕೆಲಸ.

ಅದಕ್ಕೇ ಹೇಳ್ತಿರೋದು: ಮೊದಲ ದಿನ ಬಂದ ವಾಸನೆಯನ್ನ ಕಡೆಗಣಿಸಬೇಡಿ. ಆ ನೀರನ್ನ ಕುಡಿಯೋದು, ಅಡುಗೆ, ಸ್ನಾನ ಎಲ್ಲ ನಿಲ್ಲಿಸಿ. ಕುದಿಸಿದ್ರೆ ಸರಿಹೋಗುತ್ತೆ ಅನ್ಕೋಬೇಡಿ, ಬೆಂಜೀನ್ ಆವಿಯಾಗಿ ಅಡುಗೆಮನೆ ತುಂಬಿಕೊಳ್ಳುತ್ತೆ. ಸಂಪ್ ಹತ್ತಿರ ಬೆಂಕಿ, ಬೀಡಿ ಬೇಡ. ಬಂಕ್‌ನವರಿಗೂ, ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರವಣಿಗೆಯಲ್ಲಿ ದೂರು ಕೊಡಿ. ಲ್ಯಾಬ್‌ಗೆ ಹೋದಾಗ "ಬೆಂಜೀನ್, ಟಾಲ್ವೀನ್ ಟೆಸ್ಟ್ ಮಾಡಿ" ಅಂತ ಹೆಸರು ಹಿಡಿದು ಕೇಳಿ. ಮಾಮೂಲಿ ಟೆಸ್ಟ್‌ನಲ್ಲಿ ಅದು ಇರೋದಿಲ್ಲ.

ನಾವು ಆ ಟೆಸ್ಟ್ ಮಾಡಿಸಿದ್ದು ಮೂರು ವಾರ ಆದ್ಮೇಲೆ. ಅಷ್ಟು ದಿನ ಚಿಕ್ಕಮ್ಮ ನನ್ನ ಮಾತು ನಂಬಿ ಅದೇ ನೀರಲ್ಲಿ ಅಡುಗೆ ಮಾಡಿದ್ರು. ರಿಪೋರ್ಟ್‌ನಲ್ಲಿ ಬೆಂಜೀನ್ ಇತ್ತು. ಈಗ ಎರಡು ವರ್ಷ ಆಯ್ತು, ಅವರ ಮನೆಗೆ ಇನ್ನೂ ಟ್ಯಾಂಕರ್ ನೀರೇ ಬರ್ತಿದೆ.

ನಿಮ್ಮ ಏರಿಯಾದಲ್ಲಿ ಹೀಗೇನಾದ್ರೂ ಆಗಿದ್ರೆ ನಮಗೆ ವಾಯ್ಸ್ ಮೆಸೇಜ್ ಕಳಿಸಿ. ಮತ್ತೆ ಸಿಗೋಣ.