ಡಬ್ಬಿ ಇಡಲು ಜಾಗವೇ ಉಳಿದಿಲ್ಲವೇ?

2000ನೇ ಇಸವಿಯ ಮೇ ಆರಂಭದವರೆಗೆ ಜನಸಾಮಾನ್ಯರ ಕೈಯಲ್ಲಿದ್ದ ಜಿಪಿಎಸ್ ಸಾಧನ ಸುಳ್ಳು ಹೇಳುತ್ತಿತ್ತು. ಉಪಗ್ರಹದ ಸಂಕೇತವನ್ನು ಅಮೆರಿಕ ಸರ್ಕಾರವೇ ಬೇಕೆಂದು ಕೆಡಿಸಿ ಕಳಿಸುತ್ತಿದ್ದುದರಿಂದ, ನಿಂತ ಜಾಗಕ್ಕೂ ಪರದೆಯಲ್ಲಿ ಕಾಣುವ ಜಾಗಕ್ಕೂ ನೂರು ಮೀಟರ್‌ವರೆಗೆ ವ್ಯತ್ಯಾಸ ಬರುತ್ತಿತ್ತು. ಬಿಲ್ ಕ್ಲಿಂಟನ್ ಆಡಳಿತ ಆ ಕಲಬೆರಕೆಯನ್ನು ನಿಲ್ಲಿಸಿತು. ಬೆನ್ನಿಗೇ, ಮೇ 3ರಂದು, ಡೇವ್ ಅಲ್ಮರ್ ಎಂಬಾತ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಕಪ್ಪು ಬಕೆಟ್ಟನ್ನು ಅರ್ಧ ಹೂತಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಬರೆದ. ಒಳಗಿದ್ದದ್ದು ಪುಸ್ತಕ, ವಿಡಿಯೊ, ಸಾಫ್ಟ್‌ವೇರ್, ಒಂದು ಕವಣೆ, ಒಂದು ಡಬ್ಬ ಬೀನ್ಸ್. ಹುಡುಕಿದವರು ಏನಾದರೂ ತೆಗೆದುಕೊಳ್ಳಲಿ, ಏನಾದರೂ ಇಟ್ಟುಹೋಗಲಿ, ಪುಸ್ತಕದಲ್ಲಿ ಹೆಸರು ಬರೆಯಲಿ ಎನ್ನುವುದಷ್ಟೇ ನಿಯಮ.

ಜಿಯೋಕ್ಯಾಶಿಂಗ್ ಶುರುವಾದದ್ದು ಹೀಗೆ. ಅದೇ ಸೆಪ್ಟೆಂಬರ್‌ನಲ್ಲಿ ಜೆರೆಮಿ ಐರಿಶ್ ಇದಕ್ಕೆಂದೇ ಜಾಲತಾಣ ತೆರೆದಾಗ ಇಡೀ ಜಗತ್ತಿನಲ್ಲಿದ್ದ ಡಬ್ಬಿಗಳು 75. ಈಗ 190ಕ್ಕೂ ಹೆಚ್ಚು ದೇಶಗಳಲ್ಲಿ 30 ಲಕ್ಷಕ್ಕೂ ಮಿಕ್ಕಿ ಇವೆ. ಹವ್ಯಾಸ ಬೆಳೆದಂತೆಲ್ಲ ಹಳಬರ ಗೊಣಗಾಟವೂ ಬೆಳೆದಿದೆ: ಎಲ್ಲಿ ನೋಡಿದರೂ ಡಬ್ಬಿ, ಹೊಸದನ್ನಿಡಲು ಕಾಲಿಡುವಷ್ಟೂ ಜಾಗವಿಲ್ಲ, ಆಟದ ಸೊಗಸೇ ಹೋಯಿತು.

ಮೊದಲು ಲೆಕ್ಕ ನೋಡೋಣ. ಭೂಮಿಯ ನೆಲಭಾಗ ಸುಮಾರು 14.9 ಕೋಟಿ ಚದರ ಕಿಲೋಮೀಟರ್. 30 ಲಕ್ಷ ಡಬ್ಬಿಗಳನ್ನು ಅದರ ಮೇಲೆ ಸಮನಾಗಿ ಹಂಚಿದರೆ 50 ಚದರ ಕಿಲೋಮೀಟರಿಗೆ ಒಂದು ಬರುತ್ತದೆ. ಬೆಂಗಳೂರಿನಂಥ ಮಹಾನಗರದ ಪಾಲಿಗೆ ಸಿಗುವುದು ಹದಿನಾಲ್ಕೋ ಹದಿನೈದೋ. ಇದನ್ನು ಇಕ್ಕಟ್ಟು ಎಂದರೆ ನಗು ಬಂದೀತು.

ಆದರೆ ಡಬ್ಬಿಗಳು ಸಮನಾಗಿ ಹಂಚಿಕೊಂಡು ಕೂತಿಲ್ಲ, ಗೊಣಗಾಟಕ್ಕೆ ಕಾರಣವೂ ಅದೇ. ಜರ್ಮನಿಯ ಯಾವುದೇ ನಗರದ ನಕ್ಷೆ ತೆರೆದರೆ ಗುರುತುಗಳ ಕೆಳಗೆ ಬೀದಿಯ ಹೆಸರೇ ಮುಚ್ಚಿಹೋಗಿರುತ್ತದೆ. ಸಹಾರಾ ಮರುಭೂಮಿಯತ್ತ ಸರಿಸಿದರೆ ಪರದೆ ಬೋಳು. ಜನ ಡಬ್ಬಿ ಇಡುವುದು ತಾವಿರುವ ಕಡೆ, ಕಾರು ನಿಲ್ಲಿಸಲು ಅನುಕೂಲವಿದ್ದ ಕಡೆ, ಸಂಜೆ ವಾಕಿಂಗ್ ಹೋಗುವ ಪಾರ್ಕಿನ ಕಡೆ. ಆ ಪಾರ್ಕುಗಳು ಭರ್ತಿಯಾಗಿರುವುದು ನಿಜ. ಅಷ್ಟನ್ನೇ ನೋಡಿ ಹವ್ಯಾಸವೇ ಭರ್ತಿಯಾಯಿತು ಎನ್ನುವುದು ಮೆಜೆಸ್ಟಿಕ್ ಬಸ್ ನಿಲ್ದಾಣ ನೋಡಿ ಕರ್ನಾಟಕದಲ್ಲಿ ನಿಲ್ಲಲು ಜಾಗವಿಲ್ಲ ಎಂದಂತೆ.

ಇನ್ನು ಎರಡನೆಯ ನಂಬಿಕೆ: ಮಿತಿಯೇ ಇಲ್ಲ, ಯಾರು ಬೇಕಾದರೂ ಎಷ್ಟು ಬೇಕಾದರೂ ತುರುಕಬಹುದು. ಹಾಗೇನಿಲ್ಲ. ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್, ಅಂದರೆ ಒಂದು ಮೈಲಿಯ ಹತ್ತನೇ ಒಂದು ಭಾಗ, ಅಂತರವಿರಲೇಬೇಕು. ಹೊಸ ಡಬ್ಬಿ ನಕ್ಷೆಗೆ ಏರುವ ಮುನ್ನ ಸ್ವಯಂಸೇವಕ ಪರಿಶೀಲಕರೊಬ್ಬರು ಈ ಅಂತರವನ್ನು ನೋಡುತ್ತಾರೆ. ಎಷ್ಟೇ ಜಾಣತನದಿಂದ ಜೋಡಿಸಿದರೂ ಒಂದು ಚದರ ಕಿಲೋಮೀಟರಿನಲ್ಲಿ 45ರ ಆಸುಪಾಸಿಗಿಂತ ಹೆಚ್ಚು ಹಿಡಿಸದು.

ಈ ನಿಯಮಕ್ಕೊಂದು ತಮಾಷೆಯ ಅಡ್ಡಪರಿಣಾಮವಿದೆ. ‘ಮಿಸ್ಟರಿ’ ಬಗೆಯ ಡಬ್ಬಿಗೆ ನಕ್ಷೆಯಲ್ಲಿ ತೋರಿಸುವ ಜಾಗ ಬರೀ ನೆಪ. ಒಗಟು ಬಿಡಿಸಿದವರಿಗೆ ಮಾತ್ರ ನಿಜವಾದ ಜಾಗ ಸಿಗುತ್ತದೆ, ಅದು ಎರಡು ಮೂರು ಕಿಲೋಮೀಟರ್ ಆಚೆ ಇರಬಹುದು. ಆದರೆ 161 ಮೀಟರಿನ ಹಕ್ಕು ಇರುವುದು ಆ ಗುಟ್ಟಿನ ಜಾಗಕ್ಕೆ. ಹಾಗಾಗಿ ನಕ್ಷೆಯಲ್ಲಿ ಖಾಲಿ ಕಾಣುವ ತೋಪಿನಲ್ಲಿ ಒಳ್ಳೆಯ ಪೊಟರೆ ಹುಡುಕಿ, ಡಬ್ಬಿ ಕಟ್ಟಿ, ಅರ್ಜಿ ಹಾಕಿದವನಿಗೆ ‘ಇಲ್ಲಿ ಆಗಲೇ ಒಂದಿದೆ’ ಎಂಬ ಉತ್ತರ ಬರುತ್ತದೆ. ಎಲ್ಲಿದೆ ಎಂದು ಪರಿಶೀಲಕರು ಬಾಯಿ ಬಿಡುವಂತಿಲ್ಲ, ಹೇಳಿದರೆ ಒಗಟು ಕೆಟ್ಟಿತು. ಅರ್ಜಿದಾರ ಇಪ್ಪತ್ತು ಹೆಜ್ಜೆ ಸರಿದು ಮತ್ತೆ ಕೇಳುತ್ತಾನೆ, ಮತ್ತೆ ಇಲ್ಲ. ಕಾಗದದ ಮೇಲೆ ಚೌಕ ಹಾಕಿ ಎದುರಾಳಿಯ ಹಡಗು ಊಹಿಸುವ ಆಟವಿದೆಯಲ್ಲ, ಹವ್ಯಾಸಿಗಳು ಈ ಪರದಾಟಕ್ಕೆ ಅದರ ಹೆಸರನ್ನೇ ಇಟ್ಟಿದ್ದಾರೆ: ಬ್ಯಾಟಲ್‌ಶಿಪ್. ಇಕ್ಕಟ್ಟಿನ ದೂರಿನಲ್ಲಿ ಒಂದು ಪಾಲು ಇಂಥ ಕಣ್ಣಿಗೆ ಕಾಣದ ಡಬ್ಬಿಗಳದ್ದು.

ಜನ ಹೆಚ್ಚಿದ್ದರಿಂದಲೇ ಸಾಲುಸಾಲು ಡಬ್ಬಿಗಳು ಹುಟ್ಟಿಕೊಂಡವು ಎಂಬ ಮಾತೂ ಇದೆ. ಅದಕ್ಕೆ ನೆವಾಡಾದ ಉದಾಹರಣೆ ತಿರುಗೇಟು ಕೊಡುತ್ತದೆ. ಅಲ್ಲಿನ 375ನೇ ರಾಜ್ಯ ಹೆದ್ದಾರಿಗೆ, ಹಾರುವ ತಟ್ಟೆಗಳ ವದಂತಿಯಿಂದಾಗಿ, ಅನ್ಯಗ್ರಹ ಜೀವಿಗಳ ಹೆದ್ದಾರಿ ಎಂಬ ಅಧಿಕೃತ ಹೆಸರೇ ಇದೆ. ಉದ್ದಕ್ಕೂ ಇರುವುದು ರೇಚಲ್ ಎಂಬ ಒಂದೇ ಒಂದು ಪುಟ್ಟ ಊರು. 2010ರಲ್ಲಿ ಆ ನಿರ್ಜನ ರಸ್ತೆಯ ಬದಿಯಲ್ಲಿ ಸಾವಿರಕ್ಕೂ ಹೆಚ್ಚು ಡಬ್ಬಿಗಳು ಸಾಲಾಗಿ ಬಂದವು. ಜನಸಂದಣಿಗೂ ಅದಕ್ಕೂ ಸಂಬಂಧವೇ ಇಲ್ಲ. ಒಂದೇ ದಿನದಲ್ಲಿ ಎಷ್ಟು ಸಿಕ್ಕವು ಎಂದು ಎಣಿಸುವ ಚಪಲಕ್ಕಾಗಿ ಮಾಡಿದ್ದು ಅದು. ಒಬ್ಬ ಕಾರು ಓಡಿಸುತ್ತಾನೆ, ಇನ್ನೊಬ್ಬ ಇಳಿದು ಕಲ್ಲಿನ ರಾಶಿಯಡಿಯ ಪ್ಲಾಸ್ಟಿಕ್ ಡಬ್ಬಿ ಎತ್ತಿ, ಚೀಟಿಗೆ ಮುದ್ರೆ ಒತ್ತಿ, ಓಡಿಬಂದು ಹತ್ತುತ್ತಾನೆ. ಎರಡು ನಿಮಿಷ ಕಳೆಯುವುದರೊಳಗೆ ಮುಂದಿನದು. ಹೀಗೆ ವಾಹನಗಳು ಪದೇಪದೇ ನಿಲ್ಲುವುದು ಅಪಾಯ ಎಂದು 2011ರಲ್ಲಿ ನೆವಾಡಾದ ಸಾರಿಗೆ ಇಲಾಖೆ ಆಕ್ಷೇಪಿಸಿದಾಗ ಇಡೀ ಸಾಲನ್ನೇ ತೆಗೆಯಬೇಕಾಯಿತು. ಮುಂದೆ ರಸ್ತೆಯಿಂದ ಇನ್ನಷ್ಟು ದೂರ ಸರಿಸಿ ಮತ್ತೆ ಇಟ್ಟರು.

ಒಂದು ಕಾಲಕ್ಕೆ, ಜಾಗವಿದೆ ಎಂದ ಮಾತ್ರಕ್ಕೆ 600 ಅಡಿಗೊಂದು ಡಬ್ಬಿ ಇಡಬೇಡಿ ಎಂಬ ಬುದ್ಧಿಮಾತು ಮಾರ್ಗಸೂಚಿಯಲ್ಲೇ ಇತ್ತು. ಅದನ್ನು ಕೈಬಿಟ್ಟ ಮೇಲೆ ಇಂಥ ಸಾಲುಗಳು ಹಬ್ಬಿದವು. ಅಂದರೆ ಇಲ್ಲಿ ಬದಲಾದದ್ದು ನಿಯಮ ಮತ್ತು ರುಚಿ. ರುಚಿಯ ಬಗ್ಗೆ ಹಳಬರು ಸಿಡುಕುವುದರಲ್ಲಿ ಹುರುಳಿದೆ. ಇಂದು ನಗರಗಳಲ್ಲಿ ಸಿಗುವ ಅನೇಕ ಡಬ್ಬಿಗಳು ಹಳೆಯ ಫಿಲ್ಮ್ ರೋಲಿನ ಕರಂಡಕದಷ್ಟೇ ಇರುತ್ತವೆ. ‘ನ್ಯಾನೊ’ ಇನ್ನೂ ಚಿಕ್ಕದು, ಬೆರಳ ತುದಿಯಷ್ಟಗಲದ ಲೋಹದ ಗುಂಡಿ, ತಳದಲ್ಲಿ ಅಯಸ್ಕಾಂತ. ಮುಚ್ಚಳ ತಿರುಗಿಸಿದರೆ ಒಳಗೆ ಬೀಡಿಯ ತುಂಡಿನಂತೆ ಸುತ್ತಿದ ಕಾಗದದ ಪಟ್ಟಿ. ಅದನ್ನು ಉಗುರಿನಿಂದ ಎಳೆದು, ಎರಡಕ್ಷರ ಗೀಚಿ, ಮತ್ತೆ ಅಷ್ಟೇ ಬಿಗಿಯಾಗಿ ಸುತ್ತುವುದೇ ಒಂದು ಕಸುಬು. ಗಾಳಿಯಿದ್ದ ದಿನ ದೇವರೇ ಗತಿ. ಇಟ್ಟು ತೆಗೆಯುವ ವಸ್ತುವಿಗೆ ಇಲ್ಲಿ ಜಾಗವೆಲ್ಲಿ? ಕವಣೆ, ಬೀನ್ಸ್ ಡಬ್ಬಗಳ ಕಾಲದವರಿಗೆ ಇದು ಬೇಸರ ತರಿಸಿದರೆ ತಪ್ಪೇನು. ಆದರೆ ಅದು ಗಾತ್ರದ ಬೇಸರ, ಸಂಖ್ಯೆಯದಲ್ಲ.

ಸಂಖ್ಯೆ ಏರುತ್ತಲೇ ಹೋಗುತ್ತದೆ ಎಂಬುದು ಬಹುಶಃ ಅತ್ಯಂತ ಗಟ್ಟಿಯಾಗಿ ಕೂತ ತಪ್ಪು ಕಲ್ಪನೆ. ಚಾಲ್ತಿಯಲ್ಲಿರುವ ಡಬ್ಬಿಗಳು ಹತ್ತು ಲಕ್ಷ ಮುಟ್ಟಿದ್ದು 2010ರಲ್ಲಿ. ಮೂರೇ ವರ್ಷಕ್ಕೆ ಇಪ್ಪತ್ತು ಲಕ್ಷ, 2017ರ ಹೊತ್ತಿಗೆ ಮೂವತ್ತು. ಆ ವೇಗದಲ್ಲೇ ಓಡಿದ್ದರೆ ಇಷ್ಟರಲ್ಲಿ ಐವತ್ತು ಲಕ್ಷದ ಹತ್ತಿರ ಬರಬೇಕಿತ್ತು. ಬಂದಿಲ್ಲ, ಮೂವತ್ತರ ಮೇಲೆ ಸ್ವಲ್ಪದರಲ್ಲೇ ನಿಂತಿದೆ. ಹೊಸವು ಬರುತ್ತಲೇ ಇವೆ, ಅಷ್ಟೇ ಸಂಖ್ಯೆಯಲ್ಲಿ ಹಳೆಯವು ಹೋಗುತ್ತಿವೆ. ಮಳೆನೀರು ನುಗ್ಗಿ ಚೀಟಿ ಮುದ್ದೆಯಾಗುತ್ತದೆ, ಮರ ಕಡಿಯುತ್ತಾರೆ, ಗೋಡೆಗೆ ಸುಣ್ಣ ಬಳಿಯುವವರು ಕಿತ್ತೆಸೆಯುತ್ತಾರೆ. ಇಟ್ಟವರು ಊರು ಬಿಟ್ಟಿರುತ್ತಾರೆ ಅಥವಾ ಆಸಕ್ತಿ ಕಳೆದುಕೊಂಡಿರುತ್ತಾರೆ. ‘ದುರಸ್ತಿ ಬೇಕು’ ಎಂಬ ದೂರುಗಳಿಗೆ ಉತ್ತರ ಬಾರದಿದ್ದರೆ ಪರಿಶೀಲಕರು ಮೊದಲು ಅದನ್ನು ತಡೆಹಿಡಿದು, ಗಡುವು ಕೊಟ್ಟು, ಆಮೇಲೆ ಕಡತಕ್ಕೆ ಸೇರಿಸುತ್ತಾರೆ. ಅಂದಿಗೆ ಆ 161 ಮೀಟರಿನ ವೃತ್ತ ಮತ್ತೆ ತೆರವು. ಕ್ಯಾನ್ಸಸ್ ರಾಜ್ಯದ ಮಿಂಗೋದಲ್ಲಿ 2000ದ ಮೇ ತಿಂಗಳಲ್ಲಿ ಇಟ್ಟ ಡಬ್ಬಿ ಇಂದಿಗೂ ಚಾಲ್ತಿಯಲ್ಲಿದೆ, ಅದನ್ನು ನೋಡಲೆಂದೇ ಜನ ಹೆದ್ದಾರಿ ಬಿಟ್ಟು ಬರುತ್ತಾರೆ. ಅಂಥ ದೀರ್ಘಾಯುಷ್ಯ ಅಪರೂಪ. ಈ ಹವ್ಯಾಸದಲ್ಲಿ ನೆಲಕ್ಕಿಂತ ಬೇಗ ಮುಗಿಯುವುದು ನೋಡಿಕೊಳ್ಳುವವರ ಉತ್ಸಾಹ.

ಪೇಟೆಯಲ್ಲಿ ತೊಂದರೆಯಾಗುವುದೂ ಡಬ್ಬಿಗಳ ಸಂಖ್ಯೆಯಿಂದಲ್ಲ. 2011ರ ಜುಲೈನಲ್ಲಿ ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ ಯಾರೋ ಒಬ್ಬರು ಕೆಫೆಯೊಂದರ ಹೊರಗೆ ಅನುಮಾನಾಸ್ಪದವಾಗಿ ಏನನ್ನೋ ಅಡಗಿಸುತ್ತಿರುವುದು ಕಂಡು ಪೊಲೀಸರಿಗೆ ಸುದ್ದಿ ಹೋಯಿತು. ರಸ್ತೆ ಬಂದ್ ಮಾಡಿ, ಸೇನೆಯ ಬಾಂಬ್ ನಿಷ್ಕ್ರಿಯ ದಳ ಬಂದು ಅದನ್ನು ಸ್ಫೋಟಿಸಿತು. ಒಡೆದು ಚೂರಾದದ್ದು ಒಂದು ಪ್ಲಾಸ್ಟಿಕ್ ಡಬ್ಬಿ. ಊರೆಲ್ಲ ಗಡಗಡ ನಡುಗಿಸಲು ಒಂದೇ ಸಾಕಾಯಿತು.

ಕಾಡು ಹಾಳಾಗುತ್ತದೆ ಎಂಬ ಆರೋಪವನ್ನು ಮಾತ್ರ ಪೂರ್ತಿ ತಳ್ಳಿಹಾಕಲಾಗದು. ಒಂದೇ ಪೊದೆಯತ್ತ ನೂರು ಜನ ನಡೆದರೆ ಕಾಲ್ದಾರಿ ಬೀಳುವುದು ಸಹಜ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳು ಆರಂಭದಿಂದಲೂ ಡಬ್ಬಿಗಳನ್ನು ದೂರವಿಟ್ಟಿವೆ, ಅನುಮತಿಯಿಲ್ಲದೆ ಇಡುವಂತಿಲ್ಲ. ಹೂಳುವುದಂತೂ ಈಗ ಸಾಮಾನ್ಯವಾಗಿ ನಿಷಿದ್ಧ, ಅಲ್ಮರ್‌ನ ಬಕೆಟ್ಟು ಇಂದು ಬಂದಿದ್ದರೆ ಪರಿಶೀಲಕರು ವಾಪಸ್ ಕಳಿಸುತ್ತಿದ್ದರು. ಡಬ್ಬಿಯೇ ಇಲ್ಲದ ‘ಅರ್ತ್‌ಕ್ಯಾಶ್’ ಬಂದದ್ದು 2004ರಲ್ಲಿ, ಮೊದಲನೆಯದು ಆಸ್ಟ್ರೇಲಿಯಾದಲ್ಲಿ, ಅಮೆರಿಕದ ಭೂವಿಜ್ಞಾನ ಸಂಘದ ಬೆಂಬಲದಿಂದ. ಇದರಲ್ಲಿ ಹುಡುಕಾಟವಿಲ್ಲ. ಬಂಡೆಯ ಮುಂದೆ ನಿಂತು ಅದರ ಪದರ, ಬಣ್ಣ, ಬಿರುಕು ನೋಡಿ ಪ್ರಶ್ನೆಗಳಿಗೆ ಉತ್ತರ ಕಳಿಸಬೇಕು. ನೆಲಕ್ಕೆ ಏನೂ ಇಡುವುದಿಲ್ಲವಾದ್ದರಿಂದ 161 ಮೀಟರಿನ ಕಟ್ಟಳೆಯೂ ಇದಕ್ಕಿಲ್ಲ.

ಇನ್ನು ನಿಜವಾದ ಜನಜಂಗುಳಿ ನೋಡಬೇಕೆಂದರೆ ಮೇಳಗಳಿಗೆ ಹೋಗಬೇಕು. ಐದು ಸಾವಿರಕ್ಕೂ ಹೆಚ್ಚು ಮಂದಿ ಸೇರುವ ‘ಗಿಗಾ’ ಮೇಳ ಮೊದಲು ನಡೆದದ್ದು 2014ರಲ್ಲಿ, ಮ್ಯೂನಿಕ್‌ನಲ್ಲಿ. ಅಲ್ಲಿಗೆ ಹೋದವರು ಗದ್ದಲವಿದೆ ಎಂದು ದೂರಿದರೆ ಯಾರೂ ಕಿವಿಗೊಡರು.

ಕರ್ನಾಟಕದ ನಕ್ಷೆ ಯುರೋಪಿನದರ ಪಕ್ಕದಲ್ಲಿಟ್ಟರೆ ಗುರುತುಗಳು ವಿರಳ. ಪ್ರವಾಸಿಗರಿಗೇನೂ ಕೊರತೆಯಿಲ್ಲ, ಹಂಪಿಗೂ ಮೈಸೂರಿಗೂ ವಿದೇಶಿ ಹವ್ಯಾಸಿಗಳು ಬರುತ್ತಲೇ ಇರುತ್ತಾರೆ. ಆದರೆ ರಜೆಗೆ ಬಂದವರು ಡಬ್ಬಿ ಇಟ್ಟು ವಿಮಾನ ಹತ್ತುವಂತಿಲ್ಲ, ಅದನ್ನು ನೋಡಿಕೊಳ್ಳಲು ಸ್ಥಳೀಯರೊಬ್ಬರು ಒಪ್ಪಿರಬೇಕು. ಸೂಕ್ಷ್ಮವಾದ ಪುರಾತತ್ವ ತಾಣಗಳಲ್ಲಂತೂ ಇಡಲೇಬಾರದು, ಹಾಗಾಗಿ ಹಂಪಿಯ ಮಂಟಪದ ಕಲ್ಲಸಂದಿಗಳು ಆಟದಿಂದ ಹೊರಗೆ. ಉಳಿದದ್ದು ಅರ್ತ್‌ಕ್ಯಾಶ್. ಅದಕ್ಕೆ ಬೇಕಾದ ಸರಕು ಇಲ್ಲಿ ಧಾರಾಳ. ಲಾಲ್‌ಬಾಗಿನ ಹೆಬ್ಬಂಡೆಯೂ ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಲಾವಾ ಕಂಬಗಳೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಇಂಥ ಕಡೆ ಅರ್ತ್‌ಕ್ಯಾಶ್ ಮಾಡಲು ಹೊರಟವರಿಗೆ ಪೊಟರೆ, ಅಯಸ್ಕಾಂತ ಯಾವುದೂ ಬೇಡ. ಕಂಬಗಳಿಗೆ ಎಷ್ಟು ಮುಖಗಳಿವೆ, ಹಾಗೇಕೆ ಸೀಳಿವೆ ಎಂಬಂಥ ನಾಲ್ಕು ಒಳ್ಳೆಯ ಪ್ರಶ್ನೆ ಬರೆಯಬೇಕು, ಬಂದ ಉತ್ತರಗಳನ್ನು ವರ್ಷಗಟ್ಟಲೆ ಕೂತು ಓದಬೇಕು.