ಕೂಲಿಯಲ್ಲ, ಪಾಲು: ಡಾಕ್ಟರ್ ಡೆಲಾನಿಯ ಲೆಕ್ಕ

ನಮ್ಮ ನಾನಿ ಬೆನ್ನುನೋವಿಗೆ ಹಿಜಾಮಾ ಮಾಡಿಸಿಕೊಳ್ಳುತ್ತಾರೆ. ಬಟ್ಟಲು ಹಚ್ಚಿ ರಕ್ತ ತೆಗೆಯುವ ಇದೇ ಚಿಕಿತ್ಸೆಯಿಂದ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮಾರ್ಟಿನ್ ಡೆಲಾನಿ ಎಂಬ ಕಪ್ಪು ವೈದ್ಯರು ಜೀವನ ನಡೆಸುತ್ತಿದ್ದರು ಎಂದು ಓದಿದಾಗ ನನಗೆ ಕುತೂಹಲ ಹುಟ್ಟಿತು.

ಅವರು ಹುಟ್ಟಿದ್ದು 1812ರಲ್ಲಿ, ವರ್ಜೀನಿಯಾದಲ್ಲಿ. ತಂದೆ ಗುಲಾಮ, ತಾಯಿ ಪಾಟಿ ಸ್ವತಂತ್ರ ಹೆಂಗಸು. ಅಲ್ಲಿ ಕಪ್ಪು ಮಕ್ಕಳಿಗೆ ಓದು ಕಲಿಸುವಂತಿರಲಿಲ್ಲ. ಪಾಟಿಯ ಮಕ್ಕಳು ಓದುತ್ತಾರೆಂದು ಊರಿಗೆ ತಿಳಿದಾಗ ಅವರು ಮಕ್ಕಳನ್ನು ಕರೆದುಕೊಂಡು ಪೆನ್ಸಿಲ್ವೇನಿಯಾಕ್ಕೆ ಬಂದುಬಿಟ್ಟರು.

1850ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆ ಡೆಲಾನಿ ಸೇರಿ ಮೂವರು ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಬಿಳಿಯ ವಿದ್ಯಾರ್ಥಿಗಳು ವಿರೋಧಿಸಿ ಅರ್ಜಿ ಕೊಟ್ಟರು. ಇವರ ಪರವಾಗಿಯೂ ಕೆಲವರು ಸಹಿ ಹಾಕಿದ್ದರು, ಅದನ್ನೂ ಹೇಳಬೇಕು. ಆದರೂ ಒಂದು ಅವಧಿ ಮುಗಿದ ಮೇಲೆ ಮೂವರೂ ಹೊರಗೆ. ಈ ಭಾಗವನ್ನು ನಾನು ಎರಡು ಸಲ ಓದಿದೆ. 1854ರಲ್ಲಿ ಪಿಟ್ಸ್‌ಬರ್ಗ್‌ಗೆ ಕಾಲರಾ ಬಂದು ಅನೇಕ ವೈದ್ಯರು ಊರು ಬಿಟ್ಟಾಗ, ಡಿಗ್ರಿ ಸಿಗದ ಈ ಡಾಕ್ಟರ್ ಅಲ್ಲೇ ಉಳಿದು ರೋಗಿಗಳನ್ನು ನೋಡಿದರು.

ಕಾಮರ್ಸ್ ಓದುವ ನಮಗೆ ಮುಖ್ಯವಾದದ್ದು ಮುಂದಿದೆ. 1865ರಲ್ಲಿ ಅವರು ಸೈನ್ಯದಲ್ಲಿ ಮೇಜರ್ ಆದರು. ಯುದ್ಧ ಮುಗಿದ ಮೇಲೆ ದಕ್ಷಿಣ ಕ್ಯಾರೊಲಿನಾದಲ್ಲಿ, ಬಿಡುಗಡೆಯಾದ ಗುಲಾಮರಿಗಾಗಿ ಇದ್ದ ಸರ್ಕಾರಿ ಇಲಾಖೆಯ ಅಧಿಕಾರಿಯಾದರು. ಗುಲಾಮಗಿರಿ ಹೋಗಿತ್ತು, ಆದರೆ ಹತ್ತಿ ಬೆಳೆಯುವ ಬಹುತೇಕರಿಗೆ ಸ್ವಂತ ಹೊಲವಿರಲಿಲ್ಲ. ಡೆಲಾನಿಯವರ ಯೋಜನೆ ಹೀಗಿತ್ತು: ಭೂಮಿ ದಕ್ಷಿಣದ ಮಾಲೀಕರದು, ಬಂಡವಾಳ ಉತ್ತರದವರದು, ಶ್ರಮ ಕಪ್ಪು ಜನರದು, ಬಂದದ್ದರಲ್ಲಿ ಮೂರು ಸಮಪಾಲು. ನಮ್ಮ ಅರ್ಥಶಾಸ್ತ್ರದ ಉತ್ಪಾದನಾಂಗಗಳೇ! ಆದರೆ ಪುಸ್ತಕದಲ್ಲಿ ಶ್ರಮಕ್ಕೆ ಸಿಗುವುದು ಕೂಲಿ. ಇವರು ಪಾಲು ಎಂದರು. 300 ಡಾಲರ್ ಬಂದರೆ ದುಡಿದವರಿಗೆ 100, 600 ಬಂದರೆ 200.

ದಿನಗೂಲಿಗೆ ಗ್ಯಾರೇಜಿನಲ್ಲಿ ದುಡಿಯುವ ಅಬ್ಬಾಗೆ ಇದನ್ನು ಹೇಳಿದೆ. "ಏನೂ ಬರದ ದಿನ ಮನೆಗೆ ಏನು ತರಲಿ ಬೇಟಾ?" ಎಂದರು. ಅವರ ಮಾತು ಸುಳ್ಳಲ್ಲ. ಮುಂದೆ ದಕ್ಷಿಣದಲ್ಲಿ ಪಾಲಿನ ಬೇಸಾಯ ಹರಡಿತು, ಆದರೆ ಬೀಜ, ದಿನಸಿಯ ಸಾಲದ ಲೆಕ್ಕ ಬರೆಯುವವನು ಮಾಲೀಕ ಅಥವಾ ಅಂಗಡಿಯವನೇ. ಎಷ್ಟೋ ಜನರ ಪಾಲು ಸಾಲಕ್ಕೇ ಜಮೆಯಾಯಿತು.

1874ರಲ್ಲಿ ಡೆಲಾನಿ ಆ ರಾಜ್ಯದ ಉಪ ಗವರ್ನರ್ ಹುದ್ದೆಗೆ ನಿಂತು ಸೋತರು. 1876ರಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ ಮಾಜಿ ಜನರಲ್ ವೇಡ್ ಹ್ಯಾಂಪ್ಟನ್‌ಗೆ ಬೆಂಬಲ ಕೊಟ್ಟರು. ಇದನ್ನು ನಾನು ಒಪ್ಪಲಾರೆ. ಆಗಿನ ಕಪ್ಪು ಜನರಲ್ಲೂ ಹೆಚ್ಚಿನವರು ಒಪ್ಪಲಿಲ್ಲ. ಹ್ಯಾಂಪ್ಟನ್ ಗೆದ್ದು ಅವರಿಗೆ ಸ್ಥಳೀಯ ನ್ಯಾಯಾಧೀಶರ ಕೆಲಸ ಕೊಟ್ಟರು. ಹ್ಯಾಂಪ್ಟನ್ ಸೆನೆಟ್‌ಗೆ ಹೋದ ಮೇಲೆ ಅದೂ ಹೋಯಿತು. 1885ರಲ್ಲಿ ಡೆಲಾನಿ ಒಹಾಯೊದಲ್ಲಿ ತೀರಿಕೊಂಡರು.